ಕಂಪನಿಯ ದೊಡ್ಡವರು ಆಪ್ಷನ್ ಮಾರಿಕೊಂಡರೆ ನಾನೂ ಷೇರು ಮಾರಬೇಕಾ?

ಓದುಗರ ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ ಇದೆ. ನಾನು ಬ್ಯಾಂಕಿನಿಂದ ನಿವೃತ್ತನಾದವನು. ನಿವೃತ್ತಿ ಹಣದಲ್ಲಿ ಸ್ವಲ್ಪವನ್ನು ಒಂದು ವಿಮಾನ ಕಂಪನಿಯ ಷೇರಿಗೆ ಹಾಕಿದ್ದೇನೆ. ಆ ಕಂಪನಿಯ ದೊಡ್ಡ ಅಧಿಕಾರಿಯೊಬ್ಬರು ಸ್ಟಾಕ್ ಆಪ್ಷನ್ ಬಳಸಿ ಷೇರು ತಗೊಂಡು, ಕೆಲವೇ ದಿನದಲ್ಲಿ ಕೋಟಿಗಟ್ಟಲೆ ಬೆಲೆಗೆ ಮಾರಿದ್ದಾರೆ ಎಂದು ಓದಿದೆ. ಅಷ್ಟು ಸಂಬಳದ ಮೇಲೆ ಇದೂ ಬೇಕಾ? ಆ ಹಣ ಯಾರ ಜೇಬಿನಿಂದ ಹೋಗುತ್ತದೆ? ಒಳಗಿನವರೇ ಮಾರುತ್ತಿದ್ದಾರೆ ಅಂದರೆ ನಾನೂ ಮಾರಿಬಿಡಲಾ? ಇನ್ನೊಂದು ವಿಷಯ. ನನ್ನ ಮಗಳು ಬೆಂಗಳೂರಿನಲ್ಲಿ ಅದೇ ಕಂಪನಿಯಲ್ಲಿ ಮ್ಯಾನೇಜರ್. ಅವಳಿಗೂ ಸ್ವಲ್ಪ ಆಪ್ಷನ್ ಕೊಟ್ಟಿದ್ದಾರೆ. ಅವಳು ಏನು ಮಾಡಬೇಕು?

ಉತ್ತರ: ನಿಮ್ಮ ಆತಂಕಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಸರ್. ಆ ಅಧಿಕಾರಿ ಮಾರಿದರು ಅನ್ನುವ ಒಂದೇ ಕಾರಣಕ್ಕೆ ನೀವು ಮಾರಬೇಕಾಗಿಲ್ಲ. ಆದರೆ ಆ ಆಪ್ಷನ್ ಅವರಿಗೆ ಯಾವ ಬೆಲೆಗೆ, ಯಾವ ಷರತ್ತಿನ ಮೇಲೆ ಸಿಕ್ಕಿತ್ತು ಅಂತ ನೋಡಲೇಬೇಕು. ಪೇಪರಿನಲ್ಲಿ ಮಾರಿದ ದಿನದ ಸುದ್ದಿ ಬರುತ್ತದೆ. ನಿಮ್ಮಂಥ ಷೇರುದಾರರು ಕಣ್ಣಿಡಬೇಕಾದ್ದು ಕೊಟ್ಟ ದಿನದ ಮೇಲೆ.

ತೋಟದವರಿಗೆ ತೋಟದ ಲೆಕ್ಕದಲ್ಲೇ ಹೇಳುತ್ತೇನೆ. ತೋಟದ ಲೆಕ್ಕ ನೋಡುವ ನಿಮ್ಮ ರೈಟರ್‌ಗೆ ನೀವು ಹೀಗೆ ಹೇಳಿದಿರಿ ಅಂದುಕೊಳ್ಳಿ: "ಈಗ ಪಾರ್ಚ್‌ಮೆಂಟ್ ಕಾಫಿ ಮೂಟೆಗೆ 10 ಸಾವಿರ. ಇನ್ನು ನಾಲ್ಕು ವರ್ಷ ನಮ್ಮಲ್ಲೇ ಇದ್ದರೆ, ಆಗ ರೇಟ್ ಎಷ್ಟೇ ಇರಲಿ, 20 ಮೂಟೆ ಇದೇ ರೇಟಿಗೆ ನಿನಗೆ." ನಾಲ್ಕು ವರ್ಷ ಆಯಿತು. ರೇಟ್ 25 ಸಾವಿರ ಆಗಿದೆ. ಅವನು 2 ಲಕ್ಷ ಕೊಟ್ಟು ಮೂಟೆ ತಗೊಂಡು 5 ಲಕ್ಷಕ್ಕೆ ಮಾರುತ್ತಾನೆ. ಕೈಗೆ 3 ಲಕ್ಷ. ರೇಟ್ 8 ಸಾವಿರಕ್ಕೆ ಇಳಿದಿದ್ದರೆ? "ಬೇಡ ಬಿಡಿ ಸರ್" ಅಂದು ಸುಮ್ನೆ ಹೋಗುತ್ತಾನೆ. ಅವನಿಗೆ ನಷ್ಟವಿಲ್ಲ. ನಿಮ್ಮ ಗಲ್ಲಾದಿಂದಲೂ ನಗದು ಹೋಗಲಿಲ್ಲ. ಆದರೆ 5 ಲಕ್ಷಕ್ಕೆ ನೀವೇ ಮಾರಬಹುದಾಗಿದ್ದ ಮೂಟೆ 2 ಲಕ್ಷಕ್ಕೆ ಹೋಯಿತು, ಅಲ್ವಾ? ಸ್ಟಾಕ್ ಆಪ್ಷನ್ ಅಂದರೆ ಇಷ್ಟೇ. ಮೂಟೆ ಇದ್ದ ಕಡೆ ಷೇರು ಇಡಿ.

ಇಲ್ಲೇ ಒಂದು ಪ್ರಶ್ನೆ ಏಳುತ್ತದೆ. ರೇಟ್ ಏರಿದ್ದು ರೈಟರ್ ಚೆನ್ನಾಗಿ ಕೆಲಸ ಮಾಡಿದ್ದಕ್ಕಾ, ಬ್ರೆಜಿಲ್‌ನಲ್ಲಿ ಮಳೆ ಕೈಕೊಟ್ಟಿದ್ದಕ್ಕಾ? ವಿಮಾನ ಕಂಪನಿಗಳಲ್ಲಿ ಈ ಪ್ರಶ್ನೆ ಇನ್ನೂ ಚೂಪು. ಅವರ ಖರ್ಚಿನಲ್ಲಿ ದೊಡ್ಡ ಪಾಲು ಇಂಧನದ್ದು. 2014ರ ಮಧ್ಯದಲ್ಲಿ ಕಚ್ಚಾ ತೈಲ ಬ್ಯಾರೆಲ್‌ಗೆ 100 ಡಾಲರ್ ದಾಟಿತ್ತು. 2016ರ ಜನವರಿಯಲ್ಲಿ 30 ಡಾಲರ್‌ಗಿಂತ ಕೆಳಗೆ ಬಂತು. ಆ ಹೊತ್ತಿಗೆ ಯಾವ ಏರ್‌ಲೈನಿನ ಕುರ್ಚಿಯಲ್ಲಿ ಯಾರೇ ಕೂತಿದ್ದರೂ ಲಾಭದ ಲೆಕ್ಕ ಚೆನ್ನಾಗಿಯೇ ಕಾಣುತ್ತಿತ್ತು. ನಮ್ಮ ದೇಶದಲ್ಲಿ ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ನಿಂತಿತು, ಗೋ ಫಸ್ಟ್ 2023ರ ಮೇನಲ್ಲಿ ನಿಂತಿತು. ಉಳಿದವರಿಗೆ ಪೈಪೋಟಿ ಕಡಿಮೆಯಾಯಿತು. ಅದೃಷ್ಟಕ್ಕೂ ಸಾಮರ್ಥ್ಯಕ್ಕೂ ಒಂದೇ ಬಹುಮಾನ ಕೊಡುವುದು ಬರೀ ಬೆಲೆಗೆ ಕಟ್ಟಿದ ಆಪ್ಷನ್ನಿನ ದೊಡ್ಡ ದೋಷ. ಈ ವಿಷಯದಲ್ಲಿ ನನ್ನ ಮುಖ್ಯ ತಕರಾರು ಇದೇ.

ಹಣ ಯಾರ ಜೇಬಿನದು ಅಂತ ಕೇಳಿದ್ದೀರಿ. ಸಾಮಾನ್ಯವಾಗಿ ಕಂಪನಿ ಹೊಸ ಷೇರು ಹುಟ್ಟಿಸಿ ಕೊಡುತ್ತದೆ. ಅದೇ ಲಾಭಕ್ಕೆ ಪಾಲುದಾರರು ಜಾಸ್ತಿ ಆಗುತ್ತಾರೆ, ನಿಮ್ಮ ಪಾಲು ಒಂದು ಎಳೆ ತೆಳುವಾಗುತ್ತದೆ. ಎಷ್ಟು ತೆಳು? ಇಂಡಿಗೊ ನಡೆಸುವ ಇಂಟರ್‌ಗ್ಲೋಬ್ ಏವಿಯೇಷನ್‌ನಲ್ಲಿ ಇರುವುದು ಸುಮಾರು 38 ಕೋಟಿ ಷೇರು. ಅದಕ್ಕೆ ಹತ್ತಿಪ್ಪತ್ತು ಸಾವಿರ ಸೇರಿದರೆ ನಿಮಗೆ ಗೊತ್ತೂ ಆಗುವುದಿಲ್ಲ. ಒಬ್ಬರ ಆಪ್ಷನ್ನಿಂದ ನಿಮಗೆ ಆಗುವ ನಷ್ಟ ಪುಡಿಗಾಸು. ನೂರಾರು ಜನರಿಗೆ, ವರ್ಷ ವರ್ಷ, ಧಾರಾಳವಾಗಿ ಕೊಟ್ಟರೆ ಆಗ ಲೆಕ್ಕಕ್ಕೆ ಬರುತ್ತದೆ. ತ್ರೈಮಾಸಿಕ ಫಲಿತಾಂಶದ ಕೊನೆಯಲ್ಲಿ ಪ್ರತಿ ಷೇರಿನ ಗಳಿಕೆಯನ್ನು ಬೇಸಿಕ್ (ಈಗಿರುವ ಷೇರಿನ ಲೆಕ್ಕ), ಡೈಲ್ಯೂಟೆಡ್ (ಆಪ್ಷನ್ನೂ ಷೇರಾದರೆ ಬರುವ ಲೆಕ್ಕ) ಅಂತ ಎರಡು ಸಾಲಿನಲ್ಲಿ ಕೊಟ್ಟಿರುತ್ತಾರೆ. ಎರಡರ ನಡುವೆ ಅಂತರ ಹಿಗ್ಗುತ್ತಾ ಹೋದರೆ ಕಾರಣ ಹುಡುಕಿ.

ಈಗ ಮಾರಾಟಕ್ಕೆ ಬರೋಣ. ಕೋಟಿ ಅಂದ ಕೂಡಲೇ ಜನ ಹೌಹಾರುತ್ತಾರೆ. ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಅಧಿಕಾರಿಯ ಹತ್ತಿರ 10,000 ಆಪ್ಷನ್ ಇದೆ. ನಿಗದಿ ಬೆಲೆ 1,000 ರೂಪಾಯಿ. ಮಾರುಕಟ್ಟೆ ಬೆಲೆ 4,000. ಷೇರು ತಗೊಳ್ಳಲು ಅವರು 1 ಕೋಟಿ ಕಟ್ಟಬೇಕು. ಸಿಗುವ ಷೇರಿನ ಬೆಲೆ 4 ಕೋಟಿ. ನಡುವಿನ 3 ಕೋಟಿಯನ್ನು ಆದಾಯ ತೆರಿಗೆ ಕಾನೂನು ಸಂಬಳ ಅಂತಲೇ ನೋಡುತ್ತದೆ. ಅವರು ಒಂದೂ ಷೇರು ಮಾರದಿದ್ದರೂ ತೆರಿಗೆ ಬಿತ್ತು. ಕಂಪನಿ ಟಿಡಿಎಸ್ ಹಿಡಿಯುತ್ತದೆ. ಅವರ ಒಟ್ಟು ಆದಾಯ 2 ಕೋಟಿ ದಾಟಿ 5 ಕೋಟಿಯ ಒಳಗಿದೆ ಅಂದುಕೊಂಡರೆ ಸರ್ಚಾರ್ಜ್, ಸೆಸ್ ಎಲ್ಲ ಸೇರಿ ಆ ಮಟ್ಟದಲ್ಲಿ ಶೇ 39. ಅಂದರೆ 1.17 ಕೋಟಿ. ಖರೀದಿಗೆ 1 ಕೋಟಿ, ತೆರಿಗೆಗೆ 1.17 ಕೋಟಿ, ಒಟ್ಟು 2.17 ಕೋಟಿ. ಇದನ್ನು ಹೊಂದಿಸಲು 4,000ದ ಲೆಕ್ಕದಲ್ಲಿ 5,425 ಷೇರು ಮಾರಬೇಕು. ಬಹಳ ಜನ ಸಾಲ ಎತ್ತಿ ಕಟ್ಟಿ, ಷೇರು ಡಿಮ್ಯಾಟ್‌ಗೆ ಬಂದ ಕೂಡಲೇ ಮಾರಿ ತೀರಿಸುತ್ತಾರೆ. "ಅಧಿಕಾರಿಯಿಂದ 2 ಕೋಟಿ ರೂಪಾಯಿಯ ಷೇರು ಮಾರಾಟ" ಅಂತ ಹೆಡ್‌ಲೈನ್ ಬರುತ್ತದೆ. ನಿಜ ನೋಡಿದರೆ ಆ ಹಣದಲ್ಲಿ ಅವರ ಕೈಗೆ ನಯಾಪೈಸೆ ಉಳಿದಿಲ್ಲ. ಉಳಿದಿರುವುದು 4,575 ಷೇರು, ಅದೂ ಅದೇ ಕಂಪನಿಯಲ್ಲಿ.

ಆದ್ದರಿಂದ ಎಷ್ಟು ಮಾರಿದರು ಅನ್ನುವುದಕ್ಕಿಂತ ಎಷ್ಟು ಉಳಿಸಿಕೊಂಡರು ಅಂತ ನೋಡಿ. ಇದು ಗುಟ್ಟಿನ ವಿಷಯವಲ್ಲ. ಎನ್‌ಎಸ್‌ಇ, ಬಿಎಸ್‌ಇ ವೆಬ್‌ಸೈಟಿನಲ್ಲಿ ಕಂಪನಿಯ ಪುಟಕ್ಕೆ ಹೋಗಿ ಇನ್‌ಸೈಡರ್ ಟ್ರೇಡಿಂಗ್ ಅನ್ನುವ ವಿಭಾಗ ತೆರೆಯಿರಿ. ಒಬ್ಬ ಅಧಿಕಾರಿಯ ವಹಿವಾಟು ಒಂದು ತ್ರೈಮಾಸಿಕದಲ್ಲಿ 10 ಲಕ್ಷ ದಾಟಿದರೆ ಅದು ಅಲ್ಲಿ ಬರಬೇಕು. ಹೆಸರು, ಹುದ್ದೆ, ಮೊದಲು ಎಷ್ಟಿತ್ತು, ಆಮೇಲೆ ಎಷ್ಟು, ಷೇರು ಬಂದ ದಾರಿ ಯಾವುದು ಎಲ್ಲ ಇರುತ್ತದೆ. ಬಂದ ದಾರಿ ಇಸಾಪ್ (ನೌಕರರಿಗೆ ಆಪ್ಷನ್ ಕೊಡುವ ಯೋಜನೆ), ಹೋದ ದಾರಿ ಮಾರುಕಟ್ಟೆ ಮಾರಾಟ, ಅರ್ಧ ಉಳಿದಿದೆ ಅಂದರೆ ಮೇಲೆ ಹೇಳಿದ ಕಥೆಯೇ. ಬಂದದ್ದೆಲ್ಲ ಹೋಗಿದೆ, ಜೊತೆಗೆ ಹಳೆಯದೂ ಖಾಲಿ, ಅದೇ ತಿಂಗಳಲ್ಲಿ ಇನ್ನಿಬ್ಬರು ಮೂವರು ಹೀಗೇ ಮಾಡಿದ್ದಾರೆ ಅಂದರೆ ನನಗೂ ಕಿವಿ ನೆಟ್ಟಗಾಗುತ್ತದೆ.

ಮಾಲೀಕರು ಮಾರುವುದನ್ನು ಇದರ ಜೊತೆ ಕಲಸಬೇಡಿ. ಇಂಡಿಗೊ ಸ್ಥಾಪಕರಲ್ಲಿ ಒಬ್ಬರಾದ ರಾಕೇಶ್ ಗಂಗ್ವಾಲ್ 2022ರ ಫೆಬ್ರವರಿಯಲ್ಲಿ ಬೋರ್ಡ್ ಬಿಟ್ಟರು. ಮುಂದಿನ ಐದಾರು ವರ್ಷದಲ್ಲಿ ಪಾಲು ನಿಧಾನಕ್ಕೆ ಇಳಿಸುತ್ತೇನೆ ಅಂತ ಆಗಲೇ ಹೇಳಿ, ಕಂತು ಕಂತಾಗಿ ಮಾರುತ್ತಾ ಬಂದರು. ಅದು ಅವರ ಸ್ವಂತ ಷೇರು. ಕಂಪನಿ ಕಾಯ್ದೆಯ ಪ್ರಕಾರ ಇಂಥ ಮಾಲೀಕರಿಗೆ, ಅಂದರೆ ಪ್ರಮೋಟರ್‌ಗಳಿಗೂ ಸ್ವತಂತ್ರ ನಿರ್ದೇಶಕರಿಗೂ ಇಸಾಪ್ ಕೊಡುವಂತಿಲ್ಲ. ಸ್ಟಾರ್ಟಪ್‌ಗಳ ಪ್ರಮೋಟರ್‌ಗಳಿಗೆ ಮಾತ್ರ ಒಂದು ವಿನಾಯಿತಿ ಇದೆ, ಅದು ಇಲ್ಲಿ ಬೇಡ.

ಈಗ ಕೊಟ್ಟ ದಿನದ ಷರತ್ತಿಗೆ ಬರುತ್ತೇನೆ. ನಮ್ಮಲ್ಲಿ ಕೊಟ್ಟ ದಿನದಿಂದ ಕನಿಷ್ಠ ಒಂದು ವರ್ಷ ಕಳೆಯದೆ ಆಪ್ಷನ್ ಕೈಗೆ ಬರುವಂತಿಲ್ಲ. ಅಷ್ಟು ಬಿಟ್ಟರೆ ಬೆಲೆ ನಿಗದಿ ಮಾಡುವುದು ಬಹುಮಟ್ಟಿಗೆ ಕಂಪನಿಗೇ ಬಿಟ್ಟದ್ದು. ಆ ದಿನದ ಮಾರುಕಟ್ಟೆ ಬೆಲೆಗೆ ಕೊಡಬಹುದು, ಅರ್ಧ ಬೆಲೆಗೆ ಕೊಡಬಹುದು, 10 ರೂಪಾಯಿ ಮುಖಬೆಲೆಗೂ ಕೊಡಬಹುದು. ವ್ಯತ್ಯಾಸ ಚಿಕ್ಕದಲ್ಲ. 4,000ಕ್ಕೆ ಕೊಟ್ಟ ಆಪ್ಷನ್ ಲಾಭ ತರಬೇಕಾದರೆ ಷೇರು 4,000 ದಾಟಬೇಕು. 10 ರೂಪಾಯಿಗೆ ಕೊಟ್ಟದ್ದು ಷೇರು ಅರ್ಧಕ್ಕೆ ಬಿದ್ದರೂ ಲಾಭವೇ. ನಿಮ್ಮ ಹಣ ಅರ್ಧ ಆದ ವರ್ಷವೂ ಅವರಿಗೆ ಹಬ್ಬ! ಅಂಥ ಕಂಪನಿಯಲ್ಲಿ ಯಾರೂ ಒಂದು ಷೇರೂ ಮಾರದಿದ್ದರೂ ನಾನು ಹುಷಾರಾಗಿರುತ್ತೇನೆ.

ಬಿಗಿ ಷರತ್ತು ಹೇಗಿರುತ್ತದೆ ಅನ್ನುವುದಕ್ಕೆ ಐರ್ಲೆಂಡಿನ ರಯಾನ್‌ಏರ್ ನೋಡಿ. ಅಲ್ಲಿನ ಮುಖ್ಯಸ್ಥ ಮೈಕಲ್ ಓಲಿಯರಿಗೆ 2019ರಲ್ಲಿ 1 ಕೋಟಿ ಷೇರಿನ ಆಪ್ಷನ್ ಕೊಟ್ಟರು. ನಿಗದಿ ಬೆಲೆ 11.12 ಯೂರೋ. ಕಂಪನಿಯ ವಾರ್ಷಿಕ ಲಾಭ 220 ಕೋಟಿ ಯೂರೋ ಮುಟ್ಟಬೇಕು, ಇಲ್ಲವೇ ಷೇರು 21 ಯೂರೋ ದಾಟಿ 28 ದಿನ ಅಲ್ಲೇ ನಿಲ್ಲಬೇಕು. 2025ರ ಮೇ ಕೊನೆಗೆ ಷೇರು ಆ 28 ದಿನ ಪೂರೈಸಿತು. 21ರ ಲೆಕ್ಕ ಹಿಡಿದರೂ ಸುಮಾರು 10 ಕೋಟಿ ಯೂರೋ ಲಾಭ. ಆದರೂ ಕೈಗೆ ಬಂದಿಲ್ಲ. 2028ರ ಜುಲೈವರೆಗೆ ಅವರು ಕೆಲಸದಲ್ಲಿ ಇರಬೇಕು. ಮೊತ್ತ ಕೇಳಿದರೆ ಹೊಟ್ಟೆ ಉರಿಯುತ್ತದೆ, ನಿಜ. ಗುರಿ ಮುಟ್ಟಲು ಕೊಟ್ಟ ಗಡುವನ್ನು ಮೊದಲಿನ 2024ರಿಂದ ಮುಂದಕ್ಕೆ ಹಾಕಿದ್ದಕ್ಕೂ ನನ್ನ ಆಕ್ಷೇಪ ಇದೆ. ಆದರೆ ಷರತ್ತು ಎಲ್ಲರ ಕಣ್ಣೆದುರು ಇತ್ತು. ಷೇರುದಾರನ ಹಣವೂ ಹೆಚ್ಚುಕಡಿಮೆ ಎರಡು ಪಟ್ಟಾಗದೆ ಬೆಲೆಯ ಗುರಿ ಮುಟ್ಟುವಂತಿರಲಿಲ್ಲ.

ಇದಕ್ಕೆ ತದ್ವಿರುದ್ಧದ್ದು ಅಮೆರಿಕದಲ್ಲಿ ಆಯಿತು. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಮಗಳ ಪ್ರಶ್ನೆಗೂ ಅದರಲ್ಲಿ ಉತ್ತರ ಇದೆ. 2003ರ ಏಪ್ರಿಲ್. ಅಮೆರಿಕನ್ ಏರ್‌ಲೈನ್ಸ್ ದಿವಾಳಿಯ ಬಾಗಿಲಲ್ಲಿತ್ತು. ಪೈಲಟ್, ಮೆಕ್ಯಾನಿಕ್, ಕ್ಯಾಬಿನ್ ಸಿಬ್ಬಂದಿ ಸಂಬಳ, ಸೌಲಭ್ಯ ಕಡಿತಕ್ಕೆ ಒಪ್ಪಿ ಮತ ಹಾಕಿದರು. ಕಂಪನಿಗೆ ವರ್ಷಕ್ಕೆ ಸುಮಾರು 180 ಕೋಟಿ ಡಾಲರ್ ಉಳಿಸುವ ಏರ್ಪಾಡು ಅದು. ಮತದಾನ ಮುಗಿಯುವ ಹೊತ್ತಿಗೆ ಕಂಪನಿಯ ವಾರ್ಷಿಕ ವರದಿಯಿಂದ ಇನ್ನೊಂದು ವಿಷಯ ಹೊರಗೆ ಬಂತು. ಮೇಲಿನ ಅಧಿಕಾರಿಗಳಿಗೆ ಉಳಿದುಕೊಳ್ಳಲು ವಿಶೇಷ ಬೋನಸ್. ಕಂಪನಿ ದಿವಾಳಿಯಾದರೂ ಅವರ ಪಿಂಚಣಿ ಮುಳುಗದಂತೆ ಬೇರೆ ಟ್ರಸ್ಟ್. ಜನ ಕೆರಳಿದರು. ಮುಖ್ಯಸ್ಥ ಡೊನಾಲ್ಡ್ ಕಾರ್ಟಿ ಕ್ಷಮೆ ಕೇಳಿದರು, ಅದೇ ತಿಂಗಳು ಹುದ್ದೆಯನ್ನೂ ಬಿಟ್ಟರು. ಗಮನಿಸಿ, ಅಲ್ಲಿ ಯಾರೂ ಆಪ್ಷನ್ ಮಾರಿರಲಿಲ್ಲ. ಕೆಳಗಿನವರಿಗೆ ಒಂದು ಲೆಕ್ಕ, ಮೇಲಿನವರಿಗೆ ಇನ್ನೊಂದು ಲೆಕ್ಕ ಆಗಿತ್ತು. ಸಿಟ್ಟು ಬಂದದ್ದು ಅದಕ್ಕೆ.

ಅದೇ ಒಪ್ಪಂದದಲ್ಲಿ ಕಡಿತ ಒಪ್ಪಿದ ನೌಕರರಿಗೂ ಆಪ್ಷನ್ ಸಿಕ್ಕಿತ್ತು. 5 ಡಾಲರ್ ಬೆಲೆಗೆ, ಒಟ್ಟು ಸುಮಾರು 3.8 ಕೋಟಿ ಷೇರಿನಷ್ಟು. 2007ರ ಜನವರಿಯಲ್ಲಿ ಆ ಷೇರು 40 ಡಾಲರ್ ಆಸುಪಾಸಿಗೆ ಬಂತು. ಆಗ ಮಾರಿದ ಮೆಕ್ಯಾನಿಕ್‌ಗೆ ಒಂದು ಷೇರಿಗೆ 35 ಡಾಲರ್ ಉಳಿಯಿತು. ಇನ್ನೂ ಏರಲಿ ಅಂತ ಕಾದವನ ಕಥೆ? 2011ರ ನವೆಂಬರ್ 29ರಂದು ಕಂಪನಿ ದಿವಾಳಿ ಅರ್ಜಿ ಹಾಕಿತು. ಷೇರು 1 ಡಾಲರ್‌ಗಿಂತ ಕೆಳಗೆ ಬಿತ್ತು. 5 ಡಾಲರ್‌ಗೆ ಕೊಳ್ಳುವ ಹಕ್ಕು ಇಟ್ಟುಕೊಂಡು ಏನು ಮಾಡೋದು? ಯುನೈಟೆಡ್ ಏರ್‌ಲೈನ್ಸ್‌ನಲ್ಲಿ ಆದದ್ದು ಇನ್ನೂ ಕೆಟ್ಟದ್ದು. 1994ರಲ್ಲಿ ಸಂಬಳ ಬಿಟ್ಟುಕೊಟ್ಟು ನೌಕರರು ಕಂಪನಿಯ ಶೇ 55 ಪಾಲು ಪಡೆದಿದ್ದರು. 2002ರ ಡಿಸೆಂಬರ್‌ನಲ್ಲಿ ಅದು ದಿವಾಳಿ ಅರ್ಜಿ ಹಾಕಿದ ಮೇಲೆ ಆ ಪಾಲು ಶೂನ್ಯವಾಯಿತು. 2005ರಲ್ಲಿ ಪಿಂಚಣಿಯನ್ನೂ ಸರ್ಕಾರಿ ವಿಮೆಯ ತಲೆಗೆ ಕಟ್ಟಿದರು.

ಆಮೇಲೆ ಇನ್ನೊಂದು ಆಟ ನಡೆಯಿತು. 2010ರ ದಶಕದಲ್ಲಿ ಅಮೆರಿಕದ ದೊಡ್ಡ ಏರ್‌ಲೈನ್‌ಗಳು ಲಾಭದ ಹಣದಲ್ಲಿ ತಮ್ಮದೇ ಷೇರನ್ನು ಮಾರುಕಟ್ಟೆಯಿಂದ ವಾಪಸ್ ಕೊಂಡವು. ಷೇರಿನ ಸಂಖ್ಯೆ ಇಳಿದರೆ ಬೆಲೆ ಏರಲು ದಾರಿಯಾಗುತ್ತದೆ. ಬೆಲೆ ಏರಿದರೆ ಷೇರಿಗೆ ಕಟ್ಟಿದ ಸಂಬಳವೂ ಏರುತ್ತದೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದಾಗ ಅದೇ ಕಂಪನಿಗಳು ಸರ್ಕಾರದ ಮುಂದೆ ಕೈ ಚಾಚಿದವು. ಸಹಾಯ ಕೊಟ್ಟ ಕಾನೂನು ಎರಡು ಕಟ್ಟು ಹಾಕಿತು. ಷೇರು ವಾಪಸ್ ಕೊಳ್ಳುವಂತಿಲ್ಲ. 2019ರಲ್ಲಿ 4.25 ಲಕ್ಷ ಡಾಲರ್‌ಗಿಂತ ಜಾಸ್ತಿ ಪಡೆದ ಅಧಿಕಾರಿಗಳ ಸಂಭಾವನೆಗೆ ಮಿತಿ. ಸರಿಯಾಗಿಯೇ ಮಾಡಿದರು ಅನ್ನುವುದು ನನ್ನ ಅಭಿಪ್ರಾಯ.

ನಮ್ಮ ಹಾಸನಕ್ಕೂ ಈ ವ್ಯಾಪಾರದ ಬಿಸಿ ಗೊತ್ತು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದರು. 2006ರಲ್ಲಿ ಷೇರು ಸಾರ್ವಜನಿಕರಿಗೆ ಬಂತು. ನಮ್ಮೂರಿನವರ ಕಂಪನಿ ಅನ್ನುವ ಅಭಿಮಾನಕ್ಕೆ ಕೊಂಡವರು ನನ್ನ ಆಫೀಸಿಗೂ ಬರುತ್ತಾರೆ. ಕಂಪನಿ ಕಿಂಗ್‌ಫಿಷರ್ ಕೈಗೆ ಹೋಯಿತು, ಡೆಕ್ಕನ್ ಷೇರು ಕಿಂಗ್‌ಫಿಷರ್ ಷೇರಾಯಿತು, 2012ರ ಅಕ್ಟೋಬರ್‌ನಲ್ಲಿ ವಿಮಾನಗಳು ನಿಂತವು. ಸಂಬಳ ಬರದೆ ನೌಕರರು ಬೀದಿಗೆ ಬಂದರು. ಡಿಮ್ಯಾಟ್ ಸ್ಟೇಟ್‌ಮೆಂಟಿನಲ್ಲಿ ಆ ಹೆಸರು ಇನ್ನೂ ಕೂತಿದೆ, ಏನು ಮಾಡೋದು ಸರ್ ಅಂತ ಈಗಲೂ ಕೇಳುತ್ತಾರೆ.

ಇನ್ನು ನಿಮ್ಮ ಮಗಳ ವಿಷಯ. ಇದೇ ಮುಖ್ಯ. ಅವರ ಸಂಬಳ ಅದೇ ಕಂಪನಿಯಿಂದ. ಆಪ್ಷನ್ ಅದೇ ಕಂಪನಿಯದು. ನಿಮ್ಮ ನಿವೃತ್ತಿ ಹಣದ ಒಂದು ಭಾಗವೂ ಅಲ್ಲೇ. ತೈಲ ಏರಿದರೆ, ಇಂಜಿನ್ ತೊಂದರೆಯಿಂದ ವಿಮಾನ ನೆಲಕ್ಕಿಳಿದರೆ, ಮನೆಯ ಮೂರೂ ಕಡೆ ಒಂದೇ ದಿನ ಪೆಟ್ಟು. ಹಾಗಾಗಿ ಅವರು ಆಪ್ಷನ್ ಕೈಗೆ ಬಂದಂತೆಲ್ಲ ಷೇರು ತಗೊಂಡು, ಬಹುಪಾಲು ಮಾರಿ, ಹಣವನ್ನು ಬೇರೆ ಕಡೆ ಇಡುವುದು ಒಳ್ಳೆಯದು. ಇದರಲ್ಲಿ ಕಂಪನಿಗೆ ದ್ರೋಹ ಏನೂ ಇಲ್ಲ. ಆ ದೊಡ್ಡ ಅಧಿಕಾರಿ ಮಾಡಿದ್ದೂ ಬಹುಶಃ ಇಷ್ಟೇ.

ಆದರೆ ಒಂದು ಕಡೆ ಬಹಳ ಜನ ಮುಗ್ಗರಿಸುತ್ತಾರೆ. ತ್ರೈಮಾಸಿಕ ಮುಗಿದ ದಿನದಿಂದ ಫಲಿತಾಂಶ ಹೊರಬಿದ್ದು 48 ಗಂಟೆ ಆಗುವವರೆಗೆ, ಒಳಗಿನ ಮಾಹಿತಿ ಇರುವ ನೌಕರರಿಗೆ ಟ್ರೇಡಿಂಗ್ ವಿಂಡೋ ಮುಚ್ಚಿರುತ್ತದೆ. ಆಗ ಷೇರು ಮಾರುವಂತಿಲ್ಲ. ಆದರೆ ಆಪ್ಷನ್ ಬಳಸಿ ಷೇರು ತಗೊಳ್ಳಲು ಅಡ್ಡಿಯಿಲ್ಲ. ಅಪಾಯ ಇರುವುದೇ ಇಲ್ಲಿ. ಮಗಳು ಏಪ್ರಿಲ್ ಮೊದಲ ವಾರ 500 ಆಪ್ಷನ್ ಬಳಸಿದರು ಅಂದುಕೊಳ್ಳಿ. ನಿಗದಿ ಬೆಲೆ 1,000, ಆ ದಿನದ ಬೆಲೆ 4,000. ಎಕ್ಸ್‌ಚೇಂಜಿನಲ್ಲಿ ಆ ದಿನದ ಶುರುವಿನ ಬೆಲೆ, ಮುಗಿದ ಬೆಲೆ ಎರಡರ ಸರಾಸರಿ ಹಿಡಿಯುತ್ತಾರೆ. 15 ಲಕ್ಷ ಸಂಬಳಕ್ಕೆ ಸೇರಿತು. ಶೇ 30ರ ಸ್ಲ್ಯಾಬಿನಲ್ಲಿದ್ದರೆ ಸೆಸ್ ಸೇರಿ 4.68 ಲಕ್ಷ ತೆರಿಗೆ. ಮೇನಲ್ಲಿ ಫಲಿತಾಂಶ ಕೆಟ್ಟದಾಗಿ ಬಂತು. ವಿಂಡೋ ತೆರೆಯುವಾಗ ಷೇರು 3,000. ನಿಜವಾದ ಲಾಭ 10 ಲಕ್ಷ, ತೆರಿಗೆ ಮಾತ್ರ 15 ಲಕ್ಷದ ಮೇಲೆ. ನಡುವಿನ 5 ಲಕ್ಷ ಅಲ್ಪಾವಧಿ ಬಂಡವಾಳ ನಷ್ಟ. ಅದನ್ನು ಸಂಬಳದಿಂದ ಕಳೆಯಲು ಕಾನೂನು ಬಿಡುವುದಿಲ್ಲ. ಮುಂದೆ 8 ವರ್ಷದೊಳಗೆ ಬೇರೆ ಬಂಡವಾಳ ಲಾಭ ಬಂದರೆ ಅದರ ಎದುರು ಹೊಂದಿಸಿಕೊಳ್ಳಬಹುದು, ಅಷ್ಟೇ. ಅದಕ್ಕೇ ಫಲಿತಾಂಶ ಬಂದು ವಿಂಡೋ ತೆರೆದ ಕೂಡಲೇ ಅರ್ಜಿ ಹಾಕಿ, ಷೇರು ಡಿಮ್ಯಾಟ್‌ಗೆ ಬಂದ ತಕ್ಷಣ ಕಂಪನಿಯ ಪೂರ್ವಾನುಮತಿ ಬೇಕಿದ್ದರೆ ಪಡೆದು ಮಾರುವುದು ಕ್ಷೇಮ. ಮಾರದೆ ಇಟ್ಟುಕೊಂಡದ್ದರ ಮೇಲೆ ಮುಂದೆ ಲಾಭ ಬಂದರೆ, ವರ್ಷದೊಳಗೆ ಮಾರಿದರೆ ಶೇ 20. ವರ್ಷ ದಾಟಿದರೆ 1.25 ಲಕ್ಷ ಬಿಟ್ಟು ಉಳಿದದ್ದಕ್ಕೆ ಶೇ 12.5.

ಕೆಲಸ ಬಿಡುವ ಯೋಚನೆ ಇದ್ದರೆ ಸ್ಕೀಮಿನ ಪ್ರತಿಯನ್ನು ಮೊದಲು ಓದಲಿ. ಇನ್ನೂ ಕೈಗೆ ಬರದ ಆಪ್ಷನ್ ಸಾಮಾನ್ಯವಾಗಿ ಅಲ್ಲಿಗೇ ಹೋಗುತ್ತದೆ. ಬಂದದ್ದನ್ನು ಬಳಸಲೂ ಗಡುವು ಇರುತ್ತದೆ. ಆಪ್ಷನ್ನನ್ನು ಅಡ ಇಡುವಂತಿಲ್ಲ, ಬೇರೆಯವರ ಹೆಸರಿಗೆ ಮಾಡುವಂತಿಲ್ಲ. ನೌಕರರು ತೀರಿಕೊಂಡರೆ ಮಾತ್ರ ಕೊಟ್ಟದ್ದೆಲ್ಲ ವಾರಸುದಾರರಿಗೆ ಸೇರುತ್ತದೆ.

ಕೊನೆಯದಾಗಿ ನಿಮಗೇ ಒಂದು ಎಚ್ಚರಿಕೆ, ಸರ್. ಮಗಳು ಕಂಪನಿಯ ಒಳಮಾಹಿತಿ ಪಟ್ಟಿಯಲ್ಲಿದ್ದರೆ, ಷೇರಿನ ವಿಷಯದಲ್ಲಿ ಅವರನ್ನು ಕೇಳಿ ನಡೆಯುವ ತಂದೆಯೂ ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮದಲ್ಲಿ ಹತ್ತಿರದ ಸಂಬಂಧಿ. ಆಗ ವಿಂಡೋ ನಿಮಗೂ ಮುಚ್ಚಿರುತ್ತದೆ. "ಈ ಸಲ ರಿಸಲ್ಟ್ ಹೇಗೆ ಪುಟ್ಟಿ, ಇಟ್ಟುಕೊಳ್ಳಲಾ, ಮಾರಲಾ" ಅಂತ ಫೋನಿನಲ್ಲಿ ಕೇಳುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಮಗಳ ಕೆಲಸಕ್ಕೇ ಕುತ್ತು ಬರಬಹುದು. ಅದರ ಬದಲು ಷೇರುದಾರನಾಗಿ ನಿಮಗೆ ಬರುವ ಇ-ವೋಟಿಂಗ್ ಮೇಲ್ ತೆರೆದು ನೋಡಿ. ಹೊಸ ಇಸಾಪ್ ಸ್ಕೀಮಿಗೆ ಷೇರುದಾರರ ವಿಶೇಷ ಠರಾವು ಬೇಕು. ಒಬ್ಬರಿಗೇ ಒಂದು ವರ್ಷದಲ್ಲಿ ಬಂಡವಾಳದ ಶೇ 1 ಅಥವಾ ಅದಕ್ಕಿಂತ ಜಾಸ್ತಿ ಕೊಡಬೇಕಾದರೆ ಪ್ರತ್ಯೇಕ ಠರಾವು. ನಿಗದಿ ಬೆಲೆ, ಕಾಯುವ ಅವಧಿ, ಗುರಿಯ ಷರತ್ತು ಎಲ್ಲ ಅದರ ಜೊತೆಗಿನ ವಿವರಣೆಯಲ್ಲಿ ಇರುತ್ತವೆ. ನಿರ್ದೇಶಕರ ಸಂಬಳ ನಡುಮಟ್ಟದ ನೌಕರನ ಸಂಬಳಕ್ಕೆ ಎಷ್ಟು ಪಟ್ಟು ಅಂತ ವಾರ್ಷಿಕ ವರದಿಯಲ್ಲಿ ಬರುತ್ತದೆ, ಅದನ್ನೂ ನೋಡಿ. ಮುಖಬೆಲೆಗೆ ಕೊಡುವ, ಗುರಿಯೇ ಇಲ್ಲದ ಸ್ಕೀಮ್ ಕಂಡರೆ ನಾನಾದರೆ ವಿರುದ್ಧ ಮತ ಹಾಕುತ್ತೇನೆ. ಷೇರು ಎಷ್ಟೇ ಇರಲಿ, ಮೊಬೈಲಿನಲ್ಲಿ ಐದು ನಿಮಿಷದ ಕೆಲಸ ಅದು.